ವಿಂಚಿನ ನಂಬರು ಡಬ್ಬದ ಮೇಲಿಲ್ಲ, ತೂಕದ ಚೀಟಿಯಲ್ಲಿದೆ

ಪಿಕಪ್ ಇಟ್ಟುಕೊಂಡವರು ನಮ್ಮನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಕಂತು ಕಟ್ಟೋದು ತಡವಾದರೆ ಗಾಡಿ ಎತ್ತಿಕೊಂಡು ಹೋಗ್ತಾರಾ? ಎಫ್‌ಸಿ ಮುಗಿದಿದೆ, ಏನ್ ಮಾಡೋದು? ಇನ್ಶೂರೆನ್ಸ್ ಕ್ಲೇಮ್ ಯಾಕೆ ಆಗ್ಲಿಲ್ಲ? ಪತ್ರಿಕೆಯವರು ಅಂದರೆ ಎಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ ಜನಕ್ಕೆ. ಈ ಮಳೆಗಾಲದಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಬಂತು. ಗಾಡಿಗೆ ಎಷ್ಟು ಕೆಪಾಸಿಟಿಯ ವಿಂಚ್ ಹಾಕಿಸಬೇಕು?

ಕೇಳಿದವರು ನಮ್ಮ ಭಾವ. ನಾವು ಮೂವರು ಸ್ಟ್ರಿಂಗರ್‌ಗಳು ಜಯಲಕ್ಷ್ಮಿಪುರಂನ ಒಂದು ಮನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದಿದ್ದೇವೆ. ಮೂವರೂ ಹಳ್ಳಿಯವರೇ, ಮೂವರದೂ ಪತ್ರಿಕೋದ್ಯಮ ಡಿಪ್ಲೊಮಾ. ಒಬ್ಬರ ಭಾವ ಅಂದಮೇಲೆ ಮೂವರಿಗೂ ಭಾವನೇ. ಅವರದು ಹುಣಸೂರು ತಾಲ್ಲೂಕು. ಸ್ವಂತ ಜಮೀನು ಸ್ವಲ್ಪ, ಸಾಲದ ಮೇಲೆ ತಂದ ಪಿಕಪ್ ಒಂದು. ಸುತ್ತಲಿನ ರೈತರ ಶುಂಠಿ, ಬಾಳೆ, ಟೊಮೆಟೊ ತುಂಬಿಕೊಂಡು ಬರುತ್ತಾರೆ. ಮೈಸೂರಿಗೆ ಬಂದಾಗ ಹುಣಸೂರು ರಸ್ತೆಯಿಂದ ಪಡುವಾರಹಳ್ಳಿ ಹತ್ತಿರ ಒಳಕ್ಕೆ ತಿರುಗಿಸಿ, ಕಾಳಿದಾಸ ರಸ್ತೆ ದಾಟಿ ನಮ್ಮ ಮನೆ ಮುಂದೆ ನಿಲ್ಲಿಸಿ, ಕಾಫಿ ಕುಡಿದೇ ಹೋಗುವುದು.

ಆ ದಿನ ಕೈಯಲ್ಲಿ ಅಂಗಡಿಯ ಕೊಟೇಶನ್ ಇತ್ತು.

"ಹನ್ನೆರಡು ಸಾವಿರದ್ದು ಹಾಕಿಸ್ಕೊಳಿ ಅಂತಾವ್ರೆ ಕಣಪ್ಪ. ಅಂದ್ರೆ ಹನ್ನೆರಡು ಟನ್ ಎಳೀತದೆ ತಾನೇ? ನಮ್ ಗಾಡಿ ಲೋಡ್ ಸೇರಿ ಮೂರು ಟನ್ನು. ನಾಕ್ ಗಾಡಿನ ಒಟ್ಟಿಗೇ ಎಳೀಬೋದು. ಅಷ್ಟು ಬೇಕಾ ನಂಗೆ?"

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಹುಡುಕಲು ನಮಗೆ ಎರಡು ವಾರ ಹಿಡಿಯಿತು. ಗ್ಯಾರೇಜ್‌ಗಳಿಗೆ ಹೋದೆವು, ವಿಂಚ್ ಜೊತೆ ಬರುವ ಪುಸ್ತಕಗಳನ್ನು ಓದಿದೆವು, ಕೊಡಗಿನ ಕಡೆ ಜೀಪಿಗೆ ವಿಂಚ್ ಹಾಕಿಸಿಕೊಂಡು ಎಸ್ಟೇಟಿನಲ್ಲಿ ಓಡಾಡುವವರ ಹತ್ತಿರ ಮಾತಾಡಿದೆವು. ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಪಿಕಪ್ ಇರುವವರು ಓದಿ. ಇಲ್ಲದವರೂ ಓದಿ, ಯಾಕೆಂದರೆ ಗಾಡಿ ಹೂತಾಗ ತಳ್ಳಲು ಕರೆಯುವುದು ನಿಮ್ಮನ್ನೇ.

ಪೌಂಡು ಬೇರೆ, ಕೆಜಿ ಬೇರೆ

ಮೊದಲನೆಯದು, ಆ ಹನ್ನೆರಡು ಸಾವಿರ ಕೆಜಿ ಅಲ್ಲ, ಪೌಂಡು. ಗಾಡಿಗೆ ಹಾಕುವ ಎಲೆಕ್ಟ್ರಿಕ್ ವಿಂಚ್‌ಗಳನ್ನು ಪೌಂಡ್ ಲೆಕ್ಕದಲ್ಲೇ ಮಾರುತ್ತಾರೆ. 9,500, 12,000, 13,500 ಅಂತ ಡಬ್ಬದ ಮೇಲೆ ದೊಡ್ಡದಾಗಿ ಇರುತ್ತದೆ. ಕೆಜಿ ಎಷ್ಟು ಅಂತ ಬರೆದಿದ್ದರೂ ಸಣ್ಣ ಅಕ್ಷರದಲ್ಲಿ.

ಒಂದು ಪೌಂಡ್ ಅಂದರೆ 0.4536 ಕೆಜಿ. ಬಾಯಿಲೆಕ್ಕಕ್ಕೆ ಸುಲಭ ದಾರಿ ಇದೆ: ಅರ್ಧ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. 12,000ದ ಅರ್ಧ 6,000. ಅದರಲ್ಲಿ 600 ಕಳೆದರೆ 5,400. ಸರಿಯಾದ ಲೆಕ್ಕ 5,443 ಕೆಜಿ, ಹತ್ತಿರವೇ ಬಂತು. 9,500 ಅಂದರೆ 4,309 ಕೆಜಿ.

ಅಂದರೆ ಭಾವ ಹನ್ನೆರಡು ಟನ್ ಅಂದುಕೊಂಡದ್ದು ಐದೂವರೆ ಟನ್ನು. "ಅಯ್ಯೋ, ಅರ್ಧಕ್ಕರ್ಧ ಹೋಯ್ತಲ್ಲಪ್ಪ" ಅಂದರು. ತಾಳಿ ಭಾವ, ಇನ್ನೂ ಹೋಗುವುದಿದೆ ಅಂದೆವು.

ಆನೆಯನ್ನೇ ತೂಗುವ ಊರು

ಎರಡನೆಯದು ಗಾಡಿಯ ತೂಕ. ವಿಂಚ್ ತಯಾರಿಸುವವರು, ಗಾಡಿ ಎಳೆಯುವ ಕೆಲಸದವರು ಎಲ್ಲರೂ ಹೇಳುವ ಒಂದು ಸೂತ್ರ ಇದೆ: ಗಾಡಿ ಮತ್ತು ಅದರ ಮೇಲಿರುವ ಲೋಡ್ ಎರಡೂ ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು. ಖಾಲಿ ಗಾಡಿಯ ತೂಕಕ್ಕೆ ಈ ಲೆಕ್ಕ ಹಾಕಬಾರದು, ಲೋಡ್ ಸೇರಿದ ತೂಕಕ್ಕೇ ಹಾಕಬೇಕು. ಖಾಲಿ ಗಾಡಿ ಹೂತರೆ ನಾಲ್ಕು ಜನ ತಳ್ಳಿದರೂ ಎದ್ದೀತು. ನಾವು ಅಳುವುದು ಲೋಡ್ ಗಾಡಿ ಹೂತಾಗ ತಾನೇ.

ಆರ್‌ಸಿಯಲ್ಲಿ ಎರಡು ತೂಕ ಇರುತ್ತದೆ. ಒಂದು ಖಾಲಿ ಗಾಡಿಯದು, ಇನ್ನೊಂದು ಲೋಡ್ ಸೇರಿ ಗರಿಷ್ಠ ಇರಬೇಕಾದದ್ದು. ಭಾವನ ಆರ್‌ಸಿಯಲ್ಲಿ ಗರಿಷ್ಠ ತೂಕ 2,990 ಕೆಜಿ. ಅದರ ಒಂದೂವರೆ ಪಟ್ಟು 4,485 ಕೆಜಿ. 9,500 ಪೌಂಡಿನ ವಿಂಚ್ ಸ್ವಲ್ಪದರಲ್ಲಿ ಸಾಲದು, 10,000 ಪೌಂಡಿನದಾದರೆ ಸಾಕು. ಇಲ್ಲಿಗೆ ಮುಗಿಯಿತು ಅನ್ನಬಹುದಿತ್ತು. ಆದರೆ ಆರ್‌ಸಿಯಲ್ಲಿರುವ ತೂಕವೇ ಗಾಡಿಯ ಮೇಲೂ ಇರುತ್ತದಾ?

ಪ್ರತಿ ವರ್ಷ ದಸರಾ ಮುಂಚೆ ನಾವು ತಪ್ಪದೆ ಬರೆಯುವ ಸುದ್ದಿ ಒಂದಿದೆ. ಕಾಡಿನಿಂದ ಬಂದ ಗಜಪಡೆಯನ್ನು ಧನ್ವಂತರಿ ರಸ್ತೆಯ ವೇ ಬ್ರಿಡ್ಜ್‌ಗೆ ಕರೆದುಕೊಂಡು ಹೋಗಿ ಒಂದೊಂದೇ ಆನೆಯನ್ನು ತೂಗುತ್ತಾರೆ. 2020ರಿಂದ ಅಂಬಾರಿ ಹೊತ್ತ ಅಭಿಮನ್ಯುವಿನಂಥ ಆನೆ ಐದು ಟನ್ ದಾಟುತ್ತದೆ. ಹೊರಬೇಕಾದ ಅಂಬಾರಿ 750 ಕೆಜಿ. ಅಷ್ಟು ದೊಡ್ಡ ಆನೆಗೆ ಅದೇನು ಲೆಕ್ಕ ಅಂತ ಯಾರೂ ಸುಮ್ಮನೆ ಹೊರಿಸುವುದಿಲ್ಲ. ತೂಗುತ್ತಾರೆ, ಮೇವು ಹಾಕುತ್ತಾರೆ, ಮರಳಿನ ಮೂಟೆ ಹೊರಿಸಿ ದಿನದಿನಕ್ಕೆ ಭಾರ ಏರಿಸುತ್ತಾ ತಾಲೀಮು ಕೊಡುತ್ತಾರೆ. ಆಮೇಲೆ ಅಂಬಾರಿ.

2005ರಲ್ಲಿ ಟಾಟಾ ಏಸ್ ಬಂದಾಗ ಅದನ್ನು 'ಚೋಟಾ ಹಾಥಿ' ಅಂತ ಕರೆದರು. ಅದು ಹೊರಬೇಕಾದ ಭಾರವೂ ಮುಕ್ಕಾಲು ಟನ್, ಅಂದರೆ ಅಂಬಾರಿಯಷ್ಟೇ. ಆದರೆ ನಮ್ಮ ಊರುಗಳಲ್ಲಿ ಅದರ ಮೇಲೆ ಎಷ್ಟು ಹೇರುತ್ತಾರೆ ಅಂತ ನಿಮಗೇ ಗೊತ್ತು. ದೊಡ್ಡ ಆನೆಗಿರುವ ಮರ್ಯಾದೆ ಚಿಕ್ಕ ಆನೆಗಿಲ್ಲ.

ಭಾವನಿಗೆ ಹೇಳಿದೆವು: ಮುಂದಿನ ಲೋಡ್ ತಂದಾಗ ತೂಗಿಸಿ ಚೀಟಿ ತನ್ನಿ, ಖಾಲಿಯಾದ ಮೇಲೆ ಇನ್ನೊಮ್ಮೆ ತೂಗಿಸಿ. ಬಂಡೀಪಾಳ್ಯದ ಎಪಿಎಂಸಿಗೆ ಹೋದ ದಿನ ಎರಡೂ ಚೀಟಿ ತಂದರು. ಖಾಲಿ ಗಾಡಿ 1,810. ಲೋಡ್ ಗಾಡಿ 3,480.

ಶುಂಠಿ ಮೂಟೆ 60 ಕೆಜಿ ಲೆಕ್ಕ. 26 ಮೂಟೆಗೆ 1,560 ಕೆಜಿ. ಉಳಿದ 110 ಕೆಜಿ ಎಲ್ಲಿಂದ ಬಂತು? ಶುಂಠಿಗೆ ಅಂಟಿದ ಒದ್ದೆ ಮಣ್ಣು, ಟಾರ್ಪಾಲು, ಹಗ್ಗ, ಹಿಂದೆ ಕೂತು ಬಂದ ಒಬ್ಬ ಲೋಡರ್. ಮಳೆಗಾಲದಲ್ಲಿ ಹೊಲದ ಮಣ್ಣನ್ನೂ ನಾವು ಬಾಡಿಗೆ ಇಲ್ಲದೆ ಹೊರುತ್ತೇವೆ.

ಆರ್‌ಸಿಗಿಂತ 490 ಕೆಜಿ ಹೆಚ್ಚು. ಇದು ಪೊಲೀಸರಿಗೆ, ಆರ್‌ಟಿಒಗೆ ಸಿಕ್ಕಿಬಿದ್ದರೆ ದಂಡದ ವಿಷಯ. ಅದಕ್ಕಿಂತ ಮೊದಲು ಅದು ಬ್ರೇಕಿನ ವಿಷಯ, ಟೈರಿನ ವಿಷಯ. ಈಗ ವಿಂಚಿನ ವಿಷಯವೂ ಆಯಿತು. 3,480ರ ಒಂದೂವರೆ ಪಟ್ಟು 5,220 ಕೆಜಿ. ಅದಕ್ಕೆ 12,000 ಪೌಂಡಿನದೇ ಬೇಕು. ಎಂಟು ಮೂಟೆ ಹೆಚ್ಚು ಹೇರಿದ್ದಕ್ಕೆ ವಿಂಚಿನ ದುಡ್ಡು ಒಂದು ಮೆಟ್ಟಿಲು ಏರಿತು. ಆ ಎಂಟು ಮೂಟೆಯ ಬಾಡಿಗೆ ಎಷ್ಟು ಸಿಕ್ಕಿತು ಅಂತ ಕೇಳಿದೆವು. ಭಾವ ಕಾಫಿ ಲೋಟ ನೋಡುತ್ತಾ ಕೂತರು.

ಕೆಸರು ಕೇಳುವ ಲೆಕ್ಕ

ಒಂದೂವರೆ ಪಟ್ಟು ಅನ್ನುವುದು ಸರಾಸರಿ ಲೆಕ್ಕ. ನಿಜವಾದ ಲೆಕ್ಕ ಕೇಳುವುದು ಕೆಸರು. ಸೈನ್ಯದವರು ಹೂತ ಗಾಡಿ ಎಳೆಯುವಾಗ ಬಳಸುವ ಅಂದಾಜು ನಮಗೆ ತುಂಬಾ ಉಪಯೋಗ ಅನ್ನಿಸಿತು.

ಚಕ್ರದ ಮಟ್ಟಕ್ಕೆ ಹೂತರೆ, ಗಾಡಿಯ ತೂಕದಷ್ಟೇ ಬಲ ಬೇಕು.
ಚಕ್ರದ ಮೇಲಿನ ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ, ತೂಕದ ಎರಡು ಪಟ್ಟು.
ಕ್ಯಾಬಿನ್ ಮಟ್ಟಕ್ಕೆ ಹೋದರೆ, ಮೂರು ಪಟ್ಟು.

ಇದರ ಮೇಲೆ ಏರು ಇದ್ದರೆ ಅದೂ ಸೇರುತ್ತದೆ. ನಾಲ್ಕು ಅಡಿ ಮುಂದಕ್ಕೆ ಒಂದು ಅಡಿ ಏರುವ ದಾರಿಯಾದರೆ ಗಾಡಿ ತೂಕದ ಸುಮಾರು ಕಾಲು ಭಾಗ ಜಾಸ್ತಿ ಹಾಕಿಕೊಳ್ಳಿ. ಕೆರೆ ಏರಿ ಹತ್ತುವಾಗ, ಹಳ್ಳ ದಾಟಿ ಮೇಲೆ ಬರುವಾಗ ಇದು ಗೊತ್ತಿರಬೇಕು. ಡಾಂಬರು ರಸ್ತೆಯ ಮೇಲೆ ನ್ಯೂಟ್ರಲ್‌ನಲ್ಲಿರುವ ಗಾಡಿಯನ್ನು ನಾಲ್ಕು ಜನ ತಳ್ಳಬಲ್ಲರು. ಅದೇ ಗಾಡಿ ಹುದುಲಲ್ಲಿ ಕೂತರೆ ಟ್ರ್ಯಾಕ್ಟರ್‌ ಕೂಡ ಮುಕ್ಕರಿಯುತ್ತದೆ. ಗಾಡಿ ಅದೇ, ತೂಕವೂ ಅದೇ. ಬದಲಾದದ್ದು ಕೆಳಗಿನ ನೆಲ.

ಈಗ ಭಾವನ ಗಾಡಿಗೆ ಈ ಲೆಕ್ಕ ಹಾಕಿ. 3,480 ಕೆಜಿ, ಮಡ್‌ಗಾರ್ಡ್ ಮಟ್ಟಕ್ಕೆ ಕೂತಿದೆ. ಬೇಕಾದದ್ದು 6,960 ಕೆಜಿ ಬಲ. ಅಂಗಡಿಯವರು ಹೇಳಿದ 12,000 ಪೌಂಡಿನ ವಿಂಚ್‌ಗೂ ಅದು ಸಾಧ್ಯವಿಲ್ಲ.

ಅದೇ ಗಾಡಿಯಿಂದ 26 ಮೂಟೆಯನ್ನೂ ಇಳಿಸಿ. ಈಗ 1,810 ಕೆಜಿ, ಎರಡು ಪಟ್ಟು ಅಂದರೆ 3,620 ಕೆಜಿ. 9,500 ಪೌಂಡಿನ ವಿಂಚ್ ಎಳೆಯುತ್ತದೆ. ಸನಿಕೆ ಹಿಡಿದು ಚಕ್ರದ ಮುಂದಿನ ಮಣ್ಣು ತೆಗೆದು, ಇಳಿಜಾರು ಮಾಡಿ, ಎರಡು ಹಲಗೆಯೋ ಕಲ್ಲೋ ಹಾಸಿದರೆ ಅರ್ಧ ಬಲವೇ ಸಾಕಾಗಬಹುದು.

ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೂಟೆ ಇಳಿಸಿ, ಮಣ್ಣು ತೆಗೆದು, ಆಮೇಲೆ ಎಳೆಯುವವನಿಗೆ ಚಿಕ್ಕ ವಿಂಚ್ ಸಾಕು. ಇಳಿಸದೆ ಎಳೆಯುವವನಿಗೆ ಎಷ್ಟು ದೊಡ್ಡದು ತಂದರೂ ಸಾಲದು.

ಹಗ್ಗ ಸುತ್ತಿದಷ್ಟೂ ಬಲ ಕಡಿಮೆ

ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಡಬ್ಬದ ಮೇಲೆ ಬರೆದಿರುವ ಬಲ ಸಿಗುವುದು ವಿಂಚಿನ ಡ್ರಮ್ಮಿನ ಮೇಲೆ ಹಗ್ಗ ಒಂದೇ ಪದರ ಇದ್ದಾಗ. ಹಗ್ಗ ಸುತ್ತುತ್ತಾ ಪದರ ಮೇಲೆ ಪದರ ಬಂದಂತೆ ಡ್ರಮ್ ದಪ್ಪವಾಗುತ್ತದೆ, ಎಳೆಯುವ ಬಲ ಇಳಿಯುತ್ತದೆ. ಸೈಕಲ್‌ನಲ್ಲಿ ಹಿಂದಿನ ಚಕ್ರದ ಹಲ್ಲುಚಕ್ರ ದೊಡ್ಡದಿದ್ದರೆ ತುಳಿಯುವುದು ಹಗುರ, ಚಿಕ್ಕದಿದ್ದರೆ ಭಾರ ಅಲ್ಲವಾ, ಅದೇ ತರಹ ಮೋಟಾರಿಗೆ ಸಣ್ಣ ಡ್ರಮ್ ಹಗುರ, ದಪ್ಪ ಡ್ರಮ್ ಭಾರ.

ನಾವೇ ಕೂತು ಲೆಕ್ಕ ಹಾಕಿದೆವು. 64 ಮಿ.ಮೀ. ಅಡ್ಡಳತೆಯ ಡ್ರಮ್, 8 ಮಿ.ಮೀ. ಹಗ್ಗ ಅಂತ ಇಟ್ಟುಕೊಂಡರೆ ಮೊದಲ ಪದರದಲ್ಲಿ ನೂರಕ್ಕೆ ನೂರು ಬಲ. ಎರಡನೆಯದರಲ್ಲಿ 82. ಮೂರನೆಯದರಲ್ಲಿ 69. ನಾಲ್ಕನೆಯದರಲ್ಲಿ 60. ಅಂದರೆ 4,309 ಕೆಜಿಯ ವಿಂಚ್, ಹಗ್ಗ ತುಂಬ ಸುತ್ತಿಕೊಂಡಿದ್ದಾಗ 2,600 ಕೆಜಿ ಹತ್ತಿರ ಎಳೆದರೆ ಹೆಚ್ಚು.

ಇಲ್ಲಿ ನಮ್ಮ ಅನುಭವಕ್ಕೆ ಎದುರಾದ ಮಾತು ಒಂದಿದೆ. ಹತ್ತಿರದ ಮರಕ್ಕೆ ಕಟ್ಟಿದರೆ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಮರ ಹತ್ತಿರ ಇದ್ದಷ್ಟೂ ಹಗ್ಗ ಡ್ರಮ್ಮಿನಲ್ಲೇ ಉಳಿಯುತ್ತದೆ, ಬಲ ಕಡಿಮೆ ಆಗುತ್ತದೆ. ದೂರದ ಮರಕ್ಕೆ ಹಗ್ಗ ಬಿಟ್ಟಷ್ಟೂ ಬಲ ಜಾಸ್ತಿ. ಹಾಗಂತ ಪೂರ್ತಿ ಬಿಚ್ಚಬೇಡಿ. ಸ್ಟೀಲ್ ಹಗ್ಗವಾದರೆ ಕನಿಷ್ಠ ಐದು ಸುತ್ತು ಡ್ರಮ್ಮಿನ ಮೇಲೆ ಇರಲೇಬೇಕು. ಇಲ್ಲದಿದ್ದರೆ ಹಗ್ಗ ಕಿತ್ತುಕೊಂಡು ಬರುತ್ತದೆ.

ತಾತನ ರಾಟೆ

ದೂರದಲ್ಲಿ ಮರ ಇಲ್ಲದಿದ್ದರೆ? ಅದಕ್ಕೆ ಉತ್ತರ ನಮ್ಮ ತಾತಂದಿರ ಬಾವಿಯಲ್ಲೇ ಇದೆ. ರಾಟೆ.

ಕಪಿಲೆ ಹೊಡೆಯುವುದನ್ನು ನಾವು ನೋಡಿಲ್ಲ, ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಚರ್ಮದ ಚೀಲ ಬಾವಿಗಿಳಿದು ನೀರು ತುಂಬಿಕೊಳ್ಳುತ್ತಿತ್ತು. ಹಗ್ಗ ರಾಟೆ ಮೇಲೆ ಹಾದು ಎತ್ತಿನ ನೊಗಕ್ಕೆ ಬರುತ್ತಿತ್ತು. ಎತ್ತುಗಳು ಎಳೆಯುವ ದಾರಿಯನ್ನು ಇಳಿಜಾರಾಗಿ ಕಡಿದಿರುತ್ತಿದ್ದರು. ಎಳೆಯುವ ಹೊತ್ತಿಗೆ ಎತ್ತಿನ ಮೈಭಾರವೂ ಕೆಲಸ ಮಾಡಲಿ ಅಂತ. ದೊಡ್ಡ ಎತ್ತು ತರುವ ಬದಲು ದಾರಿಯನ್ನೇ ಇಳಿಜಾರು ಮಾಡಿಕೊಂಡ ಬುದ್ಧಿ ಅದು.

ವಿಂಚ್ ಜೊತೆ ಬಳಸುವ ರಾಟೆಗೆ ಸ್ನ್ಯಾಚ್ ಬ್ಲಾಕ್ ಅನ್ನುತ್ತಾರೆ. ಅದರ ಪಕ್ಕದ ಪಟ್ಟಿ ತಿರುಗಿಸಿ ತೆಗೆದು ಹಗ್ಗವನ್ನು ನಡುವಿನಿಂದಲೇ ಹಾಕಬಹುದು. ಅದನ್ನು ಮರಕ್ಕೆ ಕಟ್ಟಿ, ವಿಂಚಿನ ಹಗ್ಗವನ್ನು ಅದರ ಸುತ್ತ ತಂದು ವಾಪಸ್ ಗಾಡಿಯ ಚಾಸಿಗೇ ಕೊಕ್ಕೆ ಹಾಕಿದರೆ ಗಾಡಿಯ ಮೇಲೆ ಎರಡು ಎಳೆತ ಬೀಳುತ್ತದೆ. ಸವೆತದಲ್ಲಿ ಸ್ವಲ್ಪ ಹೋದರೂ ಬಲ ಹತ್ತಿರಹತ್ತಿರ ಎರಡರಷ್ಟು. ವೇಗ ಅರ್ಧ. ಕೆಸರಲ್ಲಿ ವೇಗ ಯಾರಿಗೆ ಬೇಕು? ಇನ್ನೊಂದು ಲಾಭವೂ ಇದೆ. ಹೋಗಿ ಬರಲು ಎರಡರಷ್ಟು ಹಗ್ಗ ಬೇಕಾದ್ದರಿಂದ ಡ್ರಮ್ ತನ್ನಷ್ಟಕ್ಕೇ ಖಾಲಿಯಾಗಿ ಕೆಳಗಿನ ಪದರಕ್ಕೆ ಬರುತ್ತದೆ.

9,500ದ ವಿಂಚಿಗೂ 12,000ದ ವಿಂಚಿಗೂ ಇರುವ ದುಡ್ಡಿನ ಅಂತರಕ್ಕೆ ಹೋಲಿಸಿದರೆ ರಾಟೆಯ ಬೆಲೆ ಸಣ್ಣದು. ಆದರೆ ಒಂದು ಎಚ್ಚರಿಕೆ. ಗಾಡಿಗೆ ಎರಡರಷ್ಟು ಬಲ ಬಂದರೆ ಮರಕ್ಕೂ ಎರಡರಷ್ಟು ಬೀಳುತ್ತದೆ. ರಾಟೆ, ಅದನ್ನು ಮರಕ್ಕೆ ಹಿಡಿಯುವ ಅಗಲದ ಪಟ್ಟಿ, ನಡುವಿನ ಶ್ಯಾಕಲ್ ಎಲ್ಲವೂ ಆ ಎರಡರಷ್ಟನ್ನು ತಡೆಯಬೇಕು. ಒಳ್ಳೆಯ ಶ್ಯಾಕಲ್ ಮೇಲೆ ಎಷ್ಟು ಟನ್ ಅಂತ ಅಚ್ಚು ಒತ್ತಿರುತ್ತಾರೆ. ಮುಕ್ಕಾಲು ಇಂಚಿನ ಬಿಲ್ಲಿನಾಕಾರದ್ದರ ಮೇಲೆ ಸಾಮಾನ್ಯವಾಗಿ 4.75 ಟನ್ ಅಂತ ಇರುತ್ತದೆ. ಏನೂ ಅಚ್ಚಿಲ್ಲದ್ದನ್ನು ಈ ಕೆಲಸಕ್ಕೆ ಕೊಳ್ಳಬೇಡಿ.

ಮರವೂ ಅಷ್ಟೇ. ಹುಣಸೆ, ಹೊಂಗೆ, ಬೇವು ಬೇರುಬಿಟ್ಟು ಬಲಿತಿದ್ದರೆ ಸರಿ. ಅಡಿಕೆ ಮರಕ್ಕೆ ಕಟ್ಟಬೇಡಿ. ಲೈಟ್ ಕಂಬಕ್ಕಂತೂ ಬೇಡವೇ ಬೇಡ. ಕಂಬ ವಾಲಿದರೆ ಗಾಡಿ ಜೊತೆ ಜೀವವೂ ಹೋಗುತ್ತದೆ.

ಬ್ಯಾಟರಿ ತಡೆಯುತ್ತದಾ?

ನಾಲ್ಕನೆಯದು ಕರೆಂಟು. ಪಿಕಪ್‌ಗಳಲ್ಲಿ ಇರುವುದು 12 ವೋಲ್ಟ್. ದೊಡ್ಡ ಲಾರಿಗಳದ್ದು 24 ವೋಲ್ಟ್. ಸೆಕೆಂಡ್ ಹ್ಯಾಂಡ್‌ನಲ್ಲಿ ಲಾರಿಯಿಂದ ಬಿಚ್ಚಿದ ವಿಂಚ್ ಕಡಿಮೆಗೆ ಸಿಕ್ಕಿತು ಅಂತ ತಂದರೆ ಪಿಕಪ್‌ನಲ್ಲಿ ಅದು ಕೆಲಸಕ್ಕೆ ಬಾರದು.

9,500 ಪೌಂಡಿನ ವಿಂಚ್ ಪೂರ್ತಿ ಬಲ ಹಾಕಿ ಎಳೆಯುವಾಗ 400 ಆಂಪಿಯರ್ ಆಸುಪಾಸು ಕರೆಂಟ್ ಎಳೆಯುತ್ತದೆ. ಅಂದರೆ ಒಂದು ನಿಮಿಷಕ್ಕೆ ಬ್ಯಾಟರಿಯಿಂದ ಆರೇಳು ಆಂಪಿಯರ್-ಗಂಟೆ ಖಾಲಿ. ಐದು ನಿಮಿಷ ಬಿಡದೆ ಎಳೆದರೆ 33. ಪಿಕಪ್‌ನ ಸಾಮಾನ್ಯ ಬ್ಯಾಟರಿಯಲ್ಲಿ ಅದು ಅರ್ಧದಷ್ಟು. ಆಲ್ಟರ್ನೇಟರ್ ಅಷ್ಟು ಬೇಗ ತುಂಬಿಸಲಾರದು. ಗಾಡಿ ಮೇಲೆ ಬಂದ ಮೇಲೆ ಸ್ಟಾರ್ಟ್ ಆಗದಿದ್ದರೆ ಏನು ಬಂತು?

ಆದ್ದರಿಂದ ಎಂಜಿನ್ ಆನ್ ಇಟ್ಟೇ ವಿಂಚ್ ಓಡಿಸಬೇಕು. ಸ್ವಲ್ಪ ಎಳೆದು ನಿಲ್ಲಿಸಿ, ಮೋಟಾರ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆರಲು ಬಿಡಿ. ವಿಂಚಿನ ಕೇಬಲ್ ಬೆರಳು ದಪ್ಪ ಇರಬೇಕು, ಬ್ಯಾಟರಿಯಿಂದ ನೇರ ಬರಬೇಕು, ನಡುವೆ ಕೈಗೆಟುಕುವ ಕಟ್-ಆಫ್ ಸ್ವಿಚ್ ಇರಬೇಕು. ಹಾರನ್ ವೈರಿಗೋ ಲೈಟಿನ ವೈರಿಗೋ ಸೇರಿಸಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್‌ನಿಂದ ಗಾಡಿ ವಾಪಸ್ ತನ್ನಿ.

ದೊಡ್ಡ ವಿಂಚ್ ಅಂದರೆ ದೊಡ್ಡ ಕರೆಂಟು, ಮುಂದಿನ ಆಕ್ಸಲ್ ಮೇಲೆ ಜಾಸ್ತಿ ಭಾರ. ಕಬ್ಬಿಣದ ಪ್ಲೇಟು, ಸ್ಟೀಲ್ ಹಗ್ಗ ಸೇರಿದರೆ ಒಂದು ಮೂಟೆ ಶುಂಠಿಯಷ್ಟು ತೂಕ ವರ್ಷವಿಡೀ ಗಾಡಿಯ ಮೂತಿಯಲ್ಲಿ ಕೂತಿರುತ್ತದೆ. ನೀವು ಹೂಳಿಕೊಳ್ಳುವುದು ವರ್ಷಕ್ಕೆ ನಾಲ್ಕೈದು ಸಲ.

ಎಲ್ಲಿ ಕೂರಿಸುವುದು

ಮುಂದಿನ ಬಂಪರಿಗೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಿ ಅದರ ಮೇಲೆ ವಿಂಚ್ ಕೂರಿಸುವುದು ನೋಡಲು ಚೆನ್ನ. ಆದರೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ, ಕ್ರಮ ತೆಗೆದುಕೊಳ್ಳಿ ಅಂದಿದೆ. ಕಂಪನಿ ಮಾಡಿಕೊಟ್ಟ ಗಾಡಿಯ ರೂಪ ಬದಲಾಯಿಸುವುದರ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗಟ್ಟಿಯಾಗಿ ಹೇಳಿತು. ಹಾಗಾಗಿ ಗಾಡಿಗೆ ಕಾಯಂ ಆಗಿ ಏನನ್ನಾದರೂ ಕೂರಿಸುವ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಅಪಘಾತ ಆದ ದಿನ ಅವರು ಮೊದಲು ಹುಡುಕುವುದು ಇಂಥದ್ದನ್ನೇ.

ಇನ್ನೊಂದು ದಾರಿ ಇದೆ. ಗಾಡಿಗೆ ಏನನ್ನೂ ಕೂರಿಸದೆ ಕೈಯಿಂದ ಎಳೆಯುವ ವಿಂಚ್ ಇಟ್ಟುಕೊಳ್ಳುವುದು. ಉದ್ದ ಹಿಡಿ ಹಿಂದೆ ಮುಂದೆ ಆಡಿಸಿದರೆ ಸ್ಟೀಲ್ ಹಗ್ಗ ಗೇಣು ಗೇಣಾಗಿ ಮುಂದೆ ಬರುತ್ತದೆ. ಬ್ಯಾಟರಿ ಬೇಡ, ವೈರಿಂಗ್ ಬೇಡ, ಆರ್‌ಟಿಒ ಬೇಡ. 1.6 ಟನ್, 3.2 ಟನ್ ಅಳತೆಯಲ್ಲಿ ಸಿಗುತ್ತದೆ. ಇವುಗಳ ಅಳತೆ ಕೆಜಿ-ಟನ್‌ನಲ್ಲೇ ಇರುತ್ತದೆ. ಡ್ರಮ್ ಇಲ್ಲದ್ದರಿಂದ ಪದರದ ಲೆಕ್ಕವೂ ಇಲ್ಲ. ಒಂದು ರಾಟೆ ಸೇರಿಸಿದರೆ ಬಲ ಎರಡರಷ್ಟು. ನಿಧಾನ ಹೌದು, ತೋಳಿನ ಕೆಲಸ ಹೌದು. ಮೂಟೆ ಹೊರುವ ನಮ್ಮವರಿಗೆ ಅದೇನು ದೊಡ್ಡದಲ್ಲ.

ಇಷ್ಟರ ಜೊತೆ ಇದೂ ಇರಲಿ: ಗಾಡಿಯ ವಿಂಚ್ ಇರುವುದು ಎಳೆಯುವುದಕ್ಕೆ, ಎತ್ತುವುದಕ್ಕಲ್ಲ. ಬೋರ್‌ವೆಲ್ ಮೋಟಾರ್ ಎತ್ತಲು, ಬಾವಿಗೆ ಮನುಷ್ಯರನ್ನು ಇಳಿಸಲು ಅದನ್ನು ಬಳಸಬೇಡಿ. ಅದರ ಬ್ರೇಕ್ ಅಂಥ ಕೆಲಸಕ್ಕೆ ಮಾಡಿದ್ದಲ್ಲ.

ನಾಲ್ಕು ಸಾಲಿನ ಸುದ್ದಿ

ಇಷ್ಟೆಲ್ಲ ಲೆಕ್ಕದ ಹಿಂದೆ ನಮಗೆ ಬೇರೆ ಕಾರಣವೂ ಇತ್ತು.

ಎರಡು ಮಳೆಗಾಲದ ಹಿಂದೆ ಒಂದು ಊರಿಗೆ ವರದಿಗೆ ಹೋಗಿದ್ದೆವು. ಶುಂಠಿ ಲೋಡ್ ಆದ ಪಿಕಪ್ ಹೊಲದ ದಾರಿಯಲ್ಲಿ ಹೂತಿತ್ತು. ಟ್ರ್ಯಾಕ್ಟರ್ ತಂದು, ನೈಲಾನ್ ಹಗ್ಗ ಕಟ್ಟಿ, ಹಗ್ಗ ಸಡಿಲ ಬಿಟ್ಟು ಜರ್ಕ್ ಕೊಟ್ಟು ಎಳೆದಿದ್ದರು. ಮೂರನೇ ಜರ್ಕಿಗೆ ಪಿಕಪ್ ಕಡೆಯ ಕೊಕ್ಕೆ ಕಿತ್ತುಬಂತು. ಹಗ್ಗ ರಬ್ಬರಿನಂತೆ ಹಿಂದಕ್ಕೆ ಹಾರಿತು, ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇತ್ತು. ಶುಂಠಿ ಕೀಳಲು ಬಂದಿದ್ದ ಹೆಂಗಸರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಒಬ್ಬರ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಅವರ ದಿನಗೂಲಿ ಆ ಹಂಗಾಮಿಗೆ ಅಲ್ಲಿಗೇ ನಿಂತಿತು. ಗಾಡಿಗೆ ಇನ್ಶೂರೆನ್ಸ್ ಇತ್ತು, ಲೋಡಿಗೆ ಬಿಲ್ ಇತ್ತು, ಅವರ ಕಾಲಿಗೆ ಏನೂ ಇರಲಿಲ್ಲ. ಪತ್ರಿಕೆಯಲ್ಲಿ ಅದು ಬಂದದ್ದು ನಾಲ್ಕು ಸಾಲು, ಒಳಪುಟದಲ್ಲಿ.

ಭಾವನಿಗೆ ಈ ಕತೆ ಹೇಳಿದಾಗ ಅವರು, "ನಾವೂ ಹಂಗೇ ಎಳ್ಯೋದು ಕಣಪ್ಪ, ಜನ ಸುತ್ತ ನಿಂತೇ ಇರ್ತಾರೆ" ಅಂದರು. ಎಲ್ಲ ಕಡೆ ಹಾಗೆಯೇ. ಗಾಡಿ ಹೂತರೆ ನಮ್ಮಲ್ಲಿ ಜಾತ್ರೆ ಸೇರುತ್ತದೆ. ಎಲ್ಲರೂ ಮೇಸ್ತ್ರಿಗಳೇ.

ದೊಡ್ಡ ವಿಂಚ್ ತಂದರೆ ಈ ಅಪಾಯ ಕಡಿಮೆ ಆಗುವುದಿಲ್ಲ. ಬಲ ಹೆಚ್ಚಾದಷ್ಟೂ ಸಾಲಿನಲ್ಲಿ ಯಾವುದು ದುರ್ಬಲವೋ ಅದು ಮೊದಲು ಕಿತ್ತುಕೊಳ್ಳುತ್ತದೆ. ವಿಂಚ್ ಐದೂವರೆ ಟನ್ನಿನದು, ಕೊಕ್ಕೆ ಸಂತೆಯದು ಅಂದರೆ ಹಾರುವುದು ಕೊಕ್ಕೆ.

ಹಾಗಾಗಿ ಹಗ್ಗ ಬಿಗಿಯುವ ಮೊದಲು ಈ ಕೆಲಸಗಳು ಆಗಲಿ. ಹಗ್ಗದ ಉದ್ದಕ್ಕಿಂತ ದೂರಕ್ಕೆ ಜನರನ್ನು ಕಳಿಸಿ, ಮಕ್ಕಳನ್ನು ಇನ್ನೂ ದೂರ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು. ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹೊದಿಸಿ. ಹರಿದರೆ ಅದು ಹಗ್ಗವನ್ನು ನೆಲಕ್ಕೆ ತಗ್ಗಿಸುತ್ತದೆ. ಸ್ಟೀಲ್ ಹಗ್ಗದ ಎಳೆ ಎದ್ದಿರುತ್ತದೆ, ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಸಿಂಥೆಟಿಕ್ ಹಗ್ಗ ಹಗುರ, ಹರಿದಾಗ ಅಷ್ಟು ಜೋರಾಗಿ ಹಾರುವುದಿಲ್ಲ. ಆದರೆ ಕಲ್ಲಿಗೆ ಉಜ್ಜಿದರೆ ಬೇಗ ಸವೆಯುತ್ತದೆ, ಬಿಸಿಲಿಗೆ ಬಿಟ್ಟರೆ ಕೆಡುತ್ತದೆ. ವಿಂಚ್ ಹಿಡಿದವನ ಮಾತು ಒಂದೇ ಇರಲಿ, ಮೇಸ್ತ್ರಿಗಳ ಮಾತು ಬೇಡ. ಜರ್ಕ್ ಕೊಡಬೇಡಿ, ನಿಧಾನ ಬಿಗಿಯಿರಿ.

ಭಾವ ಏನು ತಂದರು

ಎರಡೂ ಚೀಟಿ, ನಮ್ಮ ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಭಾವ ಒಂದು ಸಂಜೆ ಕೂತರು. ಹನ್ನೆರಡು ಸಾವಿರದ್ದು ಬೇಡ ಅಂದರು. 9,500ದ್ದೂ ಸದ್ಯಕ್ಕೆ ಬೇಡ, ಆರ್‌ಟಿಒ ಉತ್ತರ ಬರಲಿ ಅಂದರು. ಕೈ ವಿಂಚ್ ಒಂದು, 1.6 ಟನ್ನಿನದು. ರಾಟೆ ಒಂದು. ಅಚ್ಚು ಒತ್ತಿದ ಶ್ಯಾಕಲ್ ಎರಡು. ಮರಕ್ಕೆ ಸುತ್ತುವ ಅಗಲದ ಪಟ್ಟಿ, ಗ್ಲೌಸ್, ಸನಿಕೆ. ಎಲ್ಲ ಸೇರಿದರೂ ಆ ಕೊಟೇಶನ್‌ಗಿಂತ ಬಹಳ ಕಡಿಮೆಗೆ ಮುಗಿಯಿತು. ರಾಟೆ ಹಾಕಿದರೆ 3.2 ಟನ್ ಹತ್ತಿರ. ಮೂಟೆ ಇಳಿಸಿದ 1,810 ಕೆಜಿ ಗಾಡಿ ಚಕ್ರದ ಮಟ್ಟಕ್ಕೆ ಹೂತರೆ ಅದು ಧಾರಾಳ. ಅದಕ್ಕೂ ಆಳಕ್ಕೆ ಹೋದರೆ ಮೊದಲು ಸನಿಕೆ.

ಇದು ಭಾವನ ಗಾಡಿಯ ಲೆಕ್ಕ. ನಿಮ್ಮದು ಬೇರೆ ಇರಬಹುದು. ಎಸ್ಟೇಟಿನ ಏರಿನಲ್ಲಿ ದಿನಾ ಓಡಾಡುವವರಿಗೆ, ಒಬ್ಬರೇ ಡ್ರೈವರ್ ಆಗಿ ರಾತ್ರಿ ಕಾಡುದಾರಿಯಲ್ಲಿ ಬರುವವರಿಗೆ ಎಲೆಕ್ಟ್ರಿಕ್ ವಿಂಚೇ ಬೇಕಾಗಬಹುದು. ಆಗಲೂ ಅಂಗಡಿಗೆ ಹೋಗುವ ಮೊದಲು ವೇ ಬ್ರಿಡ್ಜ್‌ಗೆ ಹೋಗಿ, ಲೋಡ್ ಗಾಡಿ ತೂಗಿಸಿ, ಒಂದೂವರೆಯಿಂದ ಗುಣಿಸಿ, ಆ ಕೆಜಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಅಂಗಡಿಯವರು ಪೌಂಡಿನಲ್ಲಿ ಹೇಳಿದರೆ ಅರ್ಧ ಮಾಡಿ ಹತ್ತನೇ ಒಂದು ಭಾಗ ಕಳೆಯಿರಿ. ಮೊದಲ ಪದರಕ್ಕೆ ಎಷ್ಟು, ಕೊನೆಯ ಪದರಕ್ಕೆ ಎಷ್ಟು ಅಂತ ಕೇಳಿ. ಆ ಪಟ್ಟಿ ವಿಂಚಿನ ಪುಸ್ತಕದಲ್ಲಿ ಇರುತ್ತದೆ, ತೋರಿಸಿ ಅನ್ನಿ. ತೋರಿಸದಿದ್ದರೆ ಪಕ್ಕದ ಅಂಗಡಿಗೆ ಹೋಗಿ.

ಒಂದು ಊರಿಗೆ ಹತ್ತು ಪಿಕಪ್ ಇದ್ದರೆ ಹತ್ತು ವಿಂಚ್ ಬೇಕಿಲ್ಲ. ಕೈ ವಿಂಚ್, ರಾಟೆ, ಪಟ್ಟಿ ಇರುವ ಒಂದು ಪೆಟ್ಟಿಗೆಯನ್ನು ಸೇರಿ ಕೊಂಡು ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಇಟ್ಟರೆ ಎಲ್ಲರಿಗೂ ಆಯಿತು. ಭಾವನ ಊರಿನಲ್ಲಿ ಆ ಮಾತು ಶುರುವಾಗಿದೆ. ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದರ ಮೇಲೆ ಸದ್ಯಕ್ಕೆ ಜಗಳ ನಡೆಯುತ್ತಿದೆ.